ಜಿಪುಣ, ಸೋಮಾರಿ, ಪೆದ್ದ: ಇಂಗ್ಲಿಷರು ನೆರೆಯವರಿಗೆ ಅಂಟಿಸಿದ ಹಣೆಪಟ್ಟಿಗಳ ಲೆಕ್ಕ

ಇವತ್ತಿನ ಎಪಿಸೋಡನ್ನ ಒಂದು ಕಪ್‌ನಿಂದ ಶುರು ಮಾಡೋಣ. ಟೀ ಕಪ್ ಅಲ್ಲ, ಟ್ರೋಫಿ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಒಂದು ರಗ್ಬಿ ಪಂದ್ಯ ನಡೀತು. ಒಂದು ಕಡೆ ಇಂಗ್ಲೆಂಡಿನ 20 ಜನ. ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಮೂರೂ ಸೇರಿ 20 ಜನ. ಸ್ವಲ್ಪ ಯೋಚನೆ ಮಾಡಿ. ಸಮುದ್ರ ದಾಟಿ ಬಂದು ಇನ್ನೊಬ್ಬರ ದೇಶ ಆಳ್ತಾ ಇದ್ದಾರೆ. ನೋಡೋ ನಮ್ಮವರ ಕಣ್ಣಿಗೆ ಅವರೆಲ್ಲ ಒಂದೇ, ಬಿಳಿ ದೊರೆಗಳು. ಆದರೆ ಆಟಕ್ಕೆ ತಂಡ ಕಟ್ಟೋ ಹೊತ್ತು ಬಂದಾಗ ಇಂಗ್ಲಿಷರು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ.

ಆ ಪಂದ್ಯದ ಹುರುಪಿನಲ್ಲಿ ಮುಂದಿನ ತಿಂಗಳೇ ಅಲ್ಲೊಂದು ಕ್ಲಬ್ ಶುರುವಾಯ್ತು. ಆದರೆ ಬಹಳ ವರ್ಷ ಬಾಳಲಿಲ್ಲ. 1878ರಲ್ಲಿ ಅದನ್ನ ಮುಚ್ಚುವಾಗ ಬ್ಯಾಂಕ್ ಖಾತೆಯಲ್ಲಿ ಉಳಿದಿದ್ದ ಹಣವನ್ನ ಬೆಳ್ಳಿ ರೂಪಾಯಿಗಳಲ್ಲಿ ತೆಗೆದುಕೊಂಡು, ಆ ನಾಣ್ಯಗಳನ್ನ ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಕೆಗಳ ಜಾಗದಲ್ಲಿ ಮೂರು ನಾಗರಹಾವು, ಮುಚ್ಚಳದ ಮೇಲೆ ಒಂದು ಆನೆ. 1879ರಿಂದ ಇವತ್ತಿನವರೆಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿಯಲ್ಲಿ ಎದುರಾಗೋದು ಇದೇ ಕಲ್ಕತ್ತಾ ಕಪ್‌ಗಾಗಿ.

ಬಿ.ಕಾಂ. ಓದಿದ ತಲೆ ನನ್ನದು. ಅಕೌಂಟ್ ಕ್ಲೋಸ್ ಮಾಡಿ ಬ್ಯಾಲೆನ್ಸನ್ನ ಟ್ರೋಫಿ ಮಾಡಿದ ಈ ಕಥೆ ಕೇಳಿದ ಮೇಲೆ, ಈ ಜಿದ್ದಿನ ಹಿಂದಿನ ಲೆಕ್ಕ ಏನು ಅಂತ ಹುಡುಕ್ತಾ ಹೋದೆ. ಆ ಲೆಕ್ಕವೇ ಇವತ್ತಿನ ವಿಷಯ.

ಮೊದಲು ನಕ್ಷೆ ಸರಿ ಮಾಡಿಕೊಳ್ಳೋಣ

ನಾವು ಮಾತಿನಲ್ಲಿ ಇಂಗ್ಲೆಂಡ್ ಅಂದ್ರೂ, ಬ್ರಿಟನ್ ಅಂದ್ರೂ, ಯು.ಕೆ. ಅಂದ್ರೂ ಒಂದೇ ಅಂದುಕೊಳ್ತೀವಿ. ಎಡಿನ್‌ಬರದಲ್ಲಿ ನಿಂತು ಹಾಗಂದ್ರೆ ಮುಖ ಕೆಂಪಾಗುತ್ತೆ. ಯು.ಕೆ.ಯಲ್ಲಿ ನಾಲ್ಕು ಭಾಗ ಇವೆ: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಐರ್ಲೆಂಡಿನ ಉಳಿದ ದೊಡ್ಡ ಭಾಗ 1922ರಲ್ಲೇ ಬೇರೆಯಾಯ್ತು, ಅದು ಈಗ ಸ್ವತಂತ್ರ ಗಣರಾಜ್ಯ.

ಇಂಗ್ಲಿಷ್ ಭಾಷೆ ಜರ್ಮನ್, ಡಚ್ ಭಾಷೆಗಳ ಬಳಗದ್ದು. ವೇಲ್ಸ್‌ನ ವೆಲ್ಷ್, ಐರ್ಲೆಂಡಿನ ಐರಿಷ್, ಸ್ಕಾಟ್ಲೆಂಡಿನ ಗೇಲಿಕ್ ಇವು ಬೇರೆ ಬಳಗ. ಇವೆಲ್ಲ ಒಂದೇ ಕುಟುಂಬ ಅಂತ 1707ರಲ್ಲಿ ತೋರಿಸಿಕೊಟ್ಟವರು ಎಡ್ವರ್ಡ್ ಲೂಯಿಡ್ ಅನ್ನೋ ವೆಲ್ಷ್ ವಿದ್ವಾಂಸರು. ಕೆಲ್ಟಿಕ್ ಅನ್ನೋ ಹೆಸರು ಈ ಭಾಷೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದು ಆಮೇಲೆಯೇ.

ಹೆಸರಿನಲ್ಲೇ ರಾಜಕೀಯ ಇದೆ ನೋಡಿ. ವೆಲ್ಷ್ ಅನ್ನೋ ಪದ ಇಂಗ್ಲಿಷರ ಪೂರ್ವಜರು ಕೊಟ್ಟಿದ್ದು, ಅದರ ಮೂಲ ಅರ್ಥ 'ಪರಕೀಯ'. ಸಾವಿರಾರು ವರ್ಷದಿಂದ ಅಲ್ಲೇ ಇದ್ದವರಿಗೆ, ಆಮೇಲೆ ಬಂದವರು ಇಟ್ಟ ಹೆಸರು ಪರಕೀಯ! ಅವರು ತಮ್ಮ ನಾಡನ್ನ ಕರೆಯೋದು ಕಮ್ರಿ ಅಂತ. ಅದರ ಬೇರು 'ಒಂದೇ ನಾಡಿನವರು' ಅನ್ನೋ ಅರ್ಥದ ಹಳೇ ಪದ.

ಬ್ರಿಟನ್ನಿನಲ್ಲಿ ಒಂದು ಹಳೇ ಜೋಕಿನ ಅಚ್ಚು ಇದೆ. ಒಬ್ಬ ಇಂಗ್ಲಿಷಿನವ, ಒಬ್ಬ ಸ್ಕಾಟ್ಲೆಂಡಿನವ, ಒಬ್ಬ ಐರ್ಲೆಂಡಿನವ ಪಬ್‌ಗೆ ಹೋಗ್ತಾರೆ. ಮುಂದೆ ಏನಾಗುತ್ತೆ ಅನ್ನೋದು ಬದಲಾಗುತ್ತೆ, ಪಾತ್ರಗಳು ಬದಲಾಗಲ್ಲ. ಸ್ಕಾಟ್ಲೆಂಡಿನವನು ಜಿಪುಣ, ಐರ್ಲೆಂಡಿನವನು ಪೆದ್ದ. ವೇಲ್ಸ್‌ನವನಿಗೆ ಬೇರೆ ಜೋಕುಗಳಿವೆ, ಅವನು ಸೋಮಾರಿ, ನಂಬೋಕಾಗದವನು. ಸಾಲ ತೀರಿಸದೆ ಜಾರಿಕೊಳ್ಳೋದಕ್ಕೆ ಇಂಗ್ಲಿಷಿನಲ್ಲಿ 'ವೆಲ್ಷ್' ಅನ್ನೋದನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ. ಈ ಮೂರು ಹಣೆಪಟ್ಟಿಗಳನ್ನ ಒಂದೊಂದಾಗಿ ಬಿಚ್ಚಿ ನೋಡೋಣ.

ಜಿಪುಣ ಅನ್ನಿಸಿಕೊಂಡ ಸ್ಕಾಟ್ಲೆಂಡ್

1695ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಕಂಪನಿ ಹುಟ್ಟಿತು. ಈಗಿನ ಪನಾಮಾ ದೇಶದ ಡೇರಿಯನ್ ಅನ್ನೋ ಕಡೆ ವಸಾಹತು ಕಟ್ಟಿ, ಎರಡು ಸಾಗರಗಳ ನಡುವಿನ ವ್ಯಾಪಾರ ಹಿಡಿಯೋದು ಅವರ ಪ್ಲಾನ್. ಇಂಗ್ಲೆಂಡಿನ ಸಂಸತ್ತು ಒತ್ತಡ ಹಾಕಿದ್ದರಿಂದ ಲಂಡನ್ನಿನ ಹೂಡಿಕೆದಾರರು ಹಿಂದೆ ಸರಿದರು. ಆಗ ಸ್ಕಾಟ್ಲೆಂಡಿನ ಜನರೇ 4 ಲಕ್ಷ ಪೌಂಡ್ ಬಂಡವಾಳಕ್ಕೆ ಸಹಿ ಹಾಕಿದರು. ಬಡ ದೇಶಕ್ಕೆ ಅದು ವಿಪರೀತ ಮೊತ್ತ. 1698ರಲ್ಲಿ ಹಡಗು ಹೊರಟವು. ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ. ಸುತ್ತಲಿನ ಇಂಗ್ಲಿಷ್ ವಸಾಹತುಗಳು ನೆರವು ಕೊಡಬಾರದು ಅಂತ ರಾಜಾಜ್ಞೆ ಬೇರೆ. 1700ರಲ್ಲಿ ಎಲ್ಲ ಮುಗೀತು. ಸುಮಾರು 2,000 ಜನ ಸತ್ತರು, ಹಾಕಿದ ದುಡ್ಡೂ ಹೋಯ್ತು.

ಏಳೇ ವರ್ಷಕ್ಕೆ, 1707ರಲ್ಲಿ, ಎರಡೂ ದೇಶಗಳ ಸಂಸತ್ತು ಒಂದಾಯ್ತು. ಒಪ್ಪಂದದಲ್ಲಿ 3,98,085 ಪೌಂಡ್ 10 ಶಿಲ್ಲಿಂಗ್ ಸ್ಕಾಟ್ಲೆಂಡಿಗೆ ಅಂತ ಇತ್ತು. ಇಂಗ್ಲೆಂಡಿನ ರಾಷ್ಟ್ರೀಯ ಸಾಲದಲ್ಲಿ ಇನ್ಮುಂದೆ ಸ್ಕಾಟ್ಲೆಂಡೂ ಪಾಲು ಹೊರಬೇಕಲ್ಲ, ಅದಕ್ಕೆ ಪರಿಹಾರ. ಇದೇ ಹಣದಲ್ಲಿ ಡೇರಿಯನ್ ಷೇರುದಾರರಿಗೆ ಅಸಲು ಬಡ್ಡಿ ಸಮೇತ ವಾಪಸ್ ಸಿಕ್ಕಿತು. ದೇಶವನ್ನೇ ದುಡ್ಡಿಗೆ ಮಾರಿದರು ಅನ್ನೋ ಸಿಟ್ಟು ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಪೂರ್ತಿ ಆರಿಲ್ಲ.

ಗಡಿ ತೆರೆದುಕೊಂಡ ಮೇಲೆ ಸ್ಕಾಟರು ಕೆಲಸ ಹುಡುಕಿ ಲಂಡನ್ನಿಗೆ ಬಂದರು. 1762ರಲ್ಲಿ ಲಾರ್ಡ್ ಬ್ಯೂಟ್ ಪ್ರಧಾನಿಯೂ ಆದರು, ಆ ಹುದ್ದೆಗೇರಿದ ಮೊದಲ ಸ್ಕಾಟ್. ಲಂಡನ್ನಿನ ವ್ಯಂಗ್ಯಚಿತ್ರಗಳು ಶುರುವಾದವು: ಹಸಿದ ಸ್ಕಾಟ್, ಮೈ ಕೆರೆದುಕೊಳ್ಳೋ ಸ್ಕಾಟ್, ನಮ್ಮ ಕೆಲಸ ಕಿತ್ತುಕೊಳ್ಳೋಕೆ ಬಂದ ಸ್ಕಾಟ್. ಅದಕ್ಕೂ ಮೊದಲೇ, 1755ರ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಓಟ್ಸ್‌ಗೆ ಅರ್ಥ ಕೊಡುವಾಗ, ಅದು ಇಂಗ್ಲೆಂಡಿನಲ್ಲಿ ಕುದುರೆಗಳ ಮೇವು, ಸ್ಕಾಟ್ಲೆಂಡಿನಲ್ಲಿ ಮನುಷ್ಯರ ಊಟ ಅನ್ನೋ ಧಾಟಿಯಲ್ಲಿ ಕುಟುಕಿದ್ದ. ತಮಾಷೆ ಅಂದ್ರೆ, ಆ ನಿಘಂಟಿಗೆ ಕೂತು ಬರೆದುಕೊಟ್ಟ ಆರು ಸಹಾಯಕರಲ್ಲಿ ಐವರು ಸ್ಕಾಟರು! ಅವನ ಜೀವನ ಚರಿತ್ರೆ ಬರೆದು ಅವನನ್ನ ಅಜರಾಮರ ಮಾಡಿದ ಜೇಮ್ಸ್ ಬಾಸ್ವೆಲ್ ಕೂಡ ಸ್ಕಾಟ್.

ಇನ್ನು ಜಿಪುಣತನದ ಮಾತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಯೋಜನೆ ಕೊಟ್ಟವರು ವಿಲಿಯಂ ಪ್ಯಾಟರ್ಸನ್, ಸ್ಕಾಟ್ಲೆಂಡಿನವರು. ಡೇರಿಯನ್ ಕನಸು ಕಂಡವರೂ ಇವರೇ. ಮರುವರ್ಷ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಕಟ್ಟೋದರಲ್ಲಿ ಮುಂದೆ ನಿಂತವರು ಜಾನ್ ಹಾಲಂಡ್, ಇಂಗ್ಲಿಷಿನವರು. 1810ರಲ್ಲಿ ರತ್ವೆಲ್ ಅನ್ನೋ ಸ್ಕಾಟ್ ಹಳ್ಳಿಯಲ್ಲಿ ಹೆನ್ರಿ ಡಂಕನ್ ಅನ್ನೋ ಪಾದ್ರಿ ಬಡವರ ಪುಡಿಗಾಸಿಗಾಗಿ ಉಳಿತಾಯ ಬ್ಯಾಂಕ್ ತೆರೆದರು. ಇದ್ದದ್ದರಲ್ಲಿ ಉಳಿಸೋದು ಬಡ ನೆಲದವರು ಕಲಿತ ಶಿಸ್ತು. ಅದನ್ನೇ ಉಳ್ಳವರು ಜಿಪುಣತನ ಅಂತ ಕರೆದರು. ಇವತ್ತಿಗೂ ಸ್ಕಾಟ್ಲೆಂಡಿನ ಮೂರು ಬ್ಯಾಂಕ್‌ಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕ್ತವೆ. ಅದೇ ನೋಟನ್ನ ಇಂಗ್ಲೆಂಡಿನ ಕೆಲವು ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ 'ಬೇಡ' ಅಂದಾಗ ಆಗೋ ಉರಿ ಇದೆಯಲ್ಲ, ಅದು ಬರೀ ನೋಟಿನ ವಿಷಯ ಅಲ್ಲ.

ಸೋಮಾರಿ ಅನ್ನಿಸಿಕೊಂಡ ವೇಲ್ಸ್

ವೇಲ್ಸ್‌ನ ಕಥೆ ಇನ್ನೂ ಹಳೇದು. 1280ರ ದಶಕದಲ್ಲೇ ಒಂದನೇ ಎಡ್ವರ್ಡ್ ರಾಜ ಅದನ್ನ ಗೆದ್ದ. 1536ರ ಕಾಯ್ದೆ ಬಂದ ಮೇಲೆ ಕೋರ್ಟಿನ ಭಾಷೆ ಇಂಗ್ಲಿಷ್ ಮಾತ್ರ. ವೆಲ್ಷ್ ಮಾತ್ರ ಬಲ್ಲವರಿಗೆ ಸರ್ಕಾರಿ ಹುದ್ದೆ ಇಲ್ಲ.

1847ರಲ್ಲಿ ವೇಲ್ಸ್‌ನ ಶಾಲೆಗಳ ಬಗ್ಗೆ ಸರ್ಕಾರದ ವರದಿ ಬಂತು. ಬರೆದವರು ಇಂಗ್ಲೆಂಡಿನಿಂದ ಬಂದ ಮೂವರು ಆಯುಕ್ತರು. ಮೂವರಿಗೂ ವೆಲ್ಷ್ ಬರ್ತಿರಲಿಲ್ಲ. ಇಂಗ್ಲಿಷ್ ಬಾರದ ಮಕ್ಕಳನ್ನ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು, ಮಕ್ಕಳು ಸುಮ್ಮನೆ ನಿಂತವು. ಶಾಲೆಗಳು ನಿಜಕ್ಕೂ ಹೀನಾಯ ಸ್ಥಿತಿಯಲ್ಲಿದ್ದವು, ಅದು ಸುಳ್ಳಲ್ಲ. ಆದರೆ ವರದಿ ಅಷ್ಟಕ್ಕೇ ನಿಲ್ಲಲಿಲ್ಲ. ಈ ಜನ ಸೋಮಾರಿಗಳು, ನೀತಿಗೆಟ್ಟವರು, ಇವರ ಭಾಷೆಯೇ ಇವರ ಏಳಿಗೆಗೆ ಅಡ್ಡಿ ಅಂತ ಷರಾ ಬರೆಯಿತು. ವರದಿಯ ಹೊದಿಕೆ ನೀಲಿ ಬಣ್ಣದ್ದು. ವೇಲ್ಸ್‌ನ ಜನ ಇದನ್ನ ಇವತ್ತಿಗೂ 'ನೀಲಿ ಪುಸ್ತಕಗಳ ದ್ರೋಹ' ಅಂತಲೇ ಕರೀತಾರೆ.

ಆ ಕಾಲದ ಹಲವು ಶಾಲೆಗಳಲ್ಲಿ 'ವೆಲ್ಷ್ ನಾಟ್' ಅಂತ ಒಂದು ಪದ್ಧತಿ ಇತ್ತು. ತಾಯಿನುಡಿ ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು. ಇನ್ನೊಂದು ಮಗು ವೆಲ್ಷ್ ಮಾತಾಡಿದ್ದು ಕೇಳಿದರೆ ಅದರ ಕೊರಳಿಗೆ ದಾಟಿಸಬಹುದು. ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಗೆಳೆಯರೇ ಗೆಳೆಯರ ಮೇಲೆ ಗೂಢಚಾರರು! ಇದು ಲಂಡನ್ ಮಾಡಿದ ಕಾನೂನಲ್ಲ, ಮೇಷ್ಟರುಗಳೇ ಮಾಡ್ತಿದ್ದದ್ದು. ಇಂಗ್ಲಿಷ್ ಬಂದ್ರೆ ಮಗು ಉದ್ಧಾರ ಆಗುತ್ತೆ ಅಂತ ಒಪ್ಪಿದ ಅಪ್ಪ ಅಮ್ಮಂದಿರೂ ಇದ್ದರು. ಹಣೆಪಟ್ಟಿ ಅಂಟಿಸಿಕೊಂಡವರೇ ಅದನ್ನ ನಂಬೋಕೆ ಶುರು ಮಾಡಿದ್ದು ಇಲ್ಲಿ.

ಇದೆಲ್ಲ ಹಳೇ ಕಾಲದ್ದು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ವೇಲ್ಸ್‌ನ ಟ್ರಿವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಲು 1957ರಲ್ಲಿ ಸಂಸತ್ತು ಒಪ್ಪಿತು. ವೇಲ್ಸ್‌ನ ಬಹುತೇಕ ಸಂಸದರು ವಿರೋಧಿಸಿದ್ದರು, ಲೆಕ್ಕಕ್ಕೆ ಬರಲಿಲ್ಲ. 1965ರಲ್ಲಿ ಕಾಪೆಲ್ ಕೆಲಿನ್ ಅನ್ನೋ ವೆಲ್ಷ್ ಮಾತಾಡೋ ಹಳ್ಳಿ ಮುಳುಗಿತು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಸ್ಮಶಾನ ಎಲ್ಲವೂ ಹೋದವು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ.

ಪೆದ್ದ ಅನ್ನಿಸಿಕೊಂಡ ಐರ್ಲೆಂಡ್

ಇಲ್ಲಿಗೆ ಬಂದಾಗ ಜೋಕು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ.

12ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಐರ್ಲೆಂಡಿಗೆ ಕಾಲಿಟ್ಟ. ಅದರ ಬೆನ್ನಿಗೇ ಜೆರಾಲ್ಡ್ ಅನ್ನೋ ಪಾದ್ರಿ ಐರಿಷರ ಬಗ್ಗೆ ಪುಸ್ತಕ ಬರೆದ: ಕಾಡು ಜನ, ಸೋಮಾರಿಗಳು, ಸರಿಯಾಗಿ ಉಳುಮೆ ಮಾಡೋಕೆ ಬಾರದವರು. ಭೂಮಿ ಕಿತ್ತುಕೊಳ್ಳೋರಿಗೆ ಇದಕ್ಕಿಂತ ಒಳ್ಳೆ ಮಾತು ಬೇಕಾ? ಈ ಜೆರಾಲ್ಡ್ ಹುಟ್ಟಿದ್ದು ವೇಲ್ಸ್‌ನಲ್ಲಿ ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಆ ಹಣೆಪಟ್ಟಿ 650 ವರ್ಷ ಬಾಳಿತು. 1845ರಲ್ಲಿ ಐರ್ಲೆಂಡಿನ ಬಡವರ ಒಂದೇ ಆಹಾರವಾಗಿದ್ದ ಆಲೂಗಡ್ಡೆಗೆ ರೋಗ ಬಂತು. ಲಂಡನ್ನಿನ ಖಜಾನೆಯಲ್ಲಿ ಪರಿಹಾರದ ಹೊಣೆ ಹೊತ್ತಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್. ಬಿಟ್ಟಿ ಕೊಟ್ಟರೆ ಐರಿಷರು ಇನ್ನಷ್ಟು ಮೈಗಳ್ಳರಾಗ್ತಾರೆ ಅನ್ನೋದು ಅವರ ನಂಬಿಕೆ. ಹಾಗಾಗಿ ಹಸಿದವರು ಕಲ್ಲು ಒಡೆದು ರಸ್ತೆ ಮಾಡಿ ಕೂಲಿ ಪಡೀಬೇಕಾಯ್ತು. 1847ರ ಬೇಸಿಗೆಯಲ್ಲಿ ಗಂಜಿ ಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದವು. ಅಂದ್ರೆ ಮನಸ್ಸು ಮಾಡಿದ್ರೆ ಆಗ್ತಿತ್ತು. ಕೆಲವೇ ತಿಂಗಳಲ್ಲಿ ಅವನ್ನ ಮುಚ್ಚಿದರು. ಹೊಸ ಕಾನೂನಿನಲ್ಲಿ ಒಂದು ಷರತ್ತು ಸೇರಿಸಿದರು: ಕಾಲು ಎಕರೆಗಿಂತ ಹೆಚ್ಚು ಭೂಮಿ ಇಟ್ಟುಕೊಂಡವರಿಗೆ ಪರಿಹಾರ ಇಲ್ಲ. ಊಟ ಬೇಕಾ, ಹೊಲ ಬಿಡು. ಅಷ್ಟೂ ದಿನ ಐರ್ಲೆಂಡಿನ ಬಂದರುಗಳಿಂದ ಧಾನ್ಯ, ದನಕರು, ಬೆಣ್ಣೆ ಹಡಗು ಹತ್ತುತ್ತಲೇ ಇದ್ದವು.

ಸುಮಾರು 10 ಲಕ್ಷ ಜನ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಟ್ರೆವೆಲಿಯನ್‌ಗೆ 1848ರಲ್ಲಿ ಸರ್ ಪದವಿ ಸಿಕ್ಕಿತು. ಇದೇ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದರು. ಆಗ ನಮ್ಮ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಆಡಳಿತದಲ್ಲೇ ಇದ್ದವು. ಸರ್ಕಾರಿ ನೌಕರಿಗೆ ಸ್ಪರ್ಧಾತ್ಮಕ ಪರೀಕ್ಷೆ ಇರಬೇಕು ಅಂದ ಬ್ರಿಟನ್ನಿನ 1854ರ ವರದಿಗೆ ಸಹಿ ಹಾಕಿದ ಇಬ್ಬರಲ್ಲೂ ಇವರೊಬ್ಬರು. ಅಂದ್ರೆ ಇವರು ರಾಕ್ಷಸರಲ್ಲ, ಕಷ್ಟಪಟ್ಟು ದುಡೀತಿದ್ದ ಅಧಿಕಾರಿ. ಫೈಲಿನ ಮೇಲೆ 'ಸೋಮಾರಿ ಜನ' ಅನ್ನೋ ಹಣೆಪಟ್ಟಿ ಮೊದಲೇ ಇತ್ತು, ಕಂಡ ಹಸಿವನ್ನೆಲ್ಲ ಅದರ ಮೂಲಕವೇ ಓದಿದರು.

ಆಮೇಲಿನ ದಶಕಗಳಲ್ಲಿ ಲಂಡನ್ನಿನ ಪಂಚ್ ಪತ್ರಿಕೆ ಐರಿಷರನ್ನ ಕೋತಿಮುಖದವರಂತೆ ಚಿತ್ರಿಸಿತು. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಪಬ್‌ಗಳಲ್ಲಿ ಬಾಂಬ್ ಸ್ಫೋಟಿಸಿ 21 ಜನ ಸತ್ತರು. ಪೊಲೀಸರು ಆರು ಐರಿಷ್ ಮೂಲದವರನ್ನ ಹಿಡಿದರು, ಜೀವಾವಧಿ ಶಿಕ್ಷೆಯಾಯ್ತು. ಅವರು ತಪ್ಪಿತಸ್ಥರಲ್ಲ ಅಂತ ಕೋರ್ಟ್ ಶಿಕ್ಷೆ ರದ್ದು ಮಾಡಿದ್ದು 1991ರಲ್ಲಿ. 16 ವರ್ಷ ಜೈಲು!

ಹಾಗಾದ್ರೆ ಉಳಿದವರೆಲ್ಲ ಮುಗ್ಧರಾ?

ಅಲ್ಲ. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷರನ್ನ ಚುಚ್ಚೋಕೆ 'ಸ್ಯಾಸನಾಕ್' ಅನ್ನೋ ಪದ ಇದೆ, 'ಸ್ಯಾಕ್ಸನ್' ಅನ್ನೋದರಿಂದ ಬಂದದ್ದು. ಇಂಗ್ಲಿಷಿನವನು ಅಂದ್ರೆ ಸೊಕ್ಕಿನವನು, ಭಾವನೆ ಇಲ್ಲದ ಮರದ ಕೊರಡು ಅನ್ನೋದು ಇವರ ಕಡೆಯ ಹಣೆಪಟ್ಟಿ. ಇನ್ನೂ ಮಜಾ ಕೇಳಿ. ಐರಿಷರೇ ಪೆದ್ದರ ಜೋಕು ಹೇಳುವಾಗ ಕೆರ್ರಿ ಜಿಲ್ಲೆಯವರ ಮೇಲೆ ಹಾಕ್ತಾರೆ. ಸ್ಕಾಟರು ಜಿಪುಣರ ಜೋಕನ್ನ ಅಬರ್ಡೀನ್ ಊರಿನವರ ತಲೆಗೆ ಕಟ್ತಾರೆ. ಜೋಕು ಯಾವಾಗಲೂ ಒಂದು ಊರು ಆಚೆಗೆ ಹೋಗುತ್ತೆ.

ಸಾಮ್ರಾಜ್ಯದ ಲೆಕ್ಕದಲ್ಲಂತೂ ಎಲ್ಲರಿಗೂ ಪಾಲಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಸ್ಕಾಟ್. ಆಮೇಲೆ ಪಟ್ಟಣದ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಡಬ್ಲಿನ್ನಿನಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕ್ ರೂಪಿಸಿದ, ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಐರ್ಲೆಂಡಿನಲ್ಲಿ ಹುಟ್ಟಿದವರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದವರು. ಆ ದ್ವೀಪಕ್ಕೂ ತನ್ನದೇ ಕೆಲ್ಟಿಕ್ ಭಾಷೆ ಇದೆ. ನಾವು 'ಇಂಗ್ಲಿಷರು' ಅಂತ ಒಂದೇ ಸಾಲಿನಲ್ಲಿ ಬರೆದಿಟ್ಟ ಇವರಲ್ಲಿ ಒಬ್ಬರೂ ಇಂಗ್ಲೆಂಡಿನಲ್ಲಿ ಹುಟ್ಟಿದವರಲ್ಲ. ಊರಲ್ಲಿ ಹಣೆಪಟ್ಟಿ ಹೊತ್ತವರು ಇಲ್ಲಿಗೆ ಬಂದು ನಮಗೆ ಹಣೆಪಟ್ಟಿ ಬರೆಯೋ ಜಾಗದಲ್ಲಿ ಕೂತರು.

ಮತ್ತೆ ಆಟದ ಮೈದಾನಕ್ಕೆ

ಈಗ ಆ ಜಿದ್ದು ಹೆಚ್ಚಾಗಿ ಕಾಣೋದು ಆಟದಲ್ಲಿ. ಟೆನಿಸ್ ಆಟಗಾರ ಆಂಡಿ ಮರ್ರಿ 2006ರಲ್ಲಿ, ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು ಯಾರು ಆಡ್ತಾರೋ ಅವರಿಗೇ ನನ್ನ ಸಪೋರ್ಟ್ ಅಂತ ತಮಾಷೆ ಮಾಡಿದರು. ಆಗ ಅವರಿಗೆ 19 ವರ್ಷ. ಆ ಒಂದು ತಮಾಷೆ ವರ್ಷಗಟ್ಟಲೆ ಬೆನ್ನು ಹತ್ತಿತು. ಮರ್ರಿ ಗೆದ್ದರೆ ಬ್ರಿಟಿಷ್, ಸೋತರೆ ಸ್ಕಾಟಿಷ್ ಅನ್ನೋ ಮಾತೇ ಹುಟ್ಟಿತು. 2013ರಲ್ಲಿ ಅವರು ವಿಂಬಲ್ಡನ್ ಗೆದ್ದಾಗ, ಪುರುಷರ ಸಿಂಗಲ್ಸ್‌ನಲ್ಲಿ ಬ್ರಿಟನ್ನಿಗೆ 77 ವರ್ಷಗಳ ನಂತರ ಬಂದ ಗೆಲುವು ಅಂತ ಇಡೀ ದೇಶ ಕುಣೀತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಪಂದ್ಯ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನ. 1920ರ ನವೆಂಬರ್ 21ರ ಬೆಳಿಗ್ಗೆ ಐರಿಷ್ ಹೋರಾಟಗಾರರು ಬ್ರಿಟಿಷ್ ಗುಪ್ತಚರ ಅಧಿಕಾರಿಗಳನ್ನ ಮನೆಗಳಿಗೆ ನುಗ್ಗಿ ಕೊಂದಿದ್ದರು. ಮಧ್ಯಾಹ್ನ ಬ್ರಿಟಿಷ್ ಪಡೆಗಳು ಈ ಮೈದಾನಕ್ಕೆ ನುಗ್ಗಿ, ಪಂದ್ಯ ನೋಡ್ತಿದ್ದ ಜನರ ಮೇಲೆ ಗುಂಡು ಹಾರಿಸಿದವು. 14 ಜನ ಸತ್ತರು, ಅವರಲ್ಲಿ ಒಬ್ಬ ಆಟಗಾರನೂ ಇದ್ದ. ಆಮೇಲೆ ಎಷ್ಟೋ ದಶಕ ಅಲ್ಲಿ ಇಂಗ್ಲೆಂಡ್ ಮೂಲದ ಆಟಗಳಿಗೇ ಜಾಗ ಇರಲಿಲ್ಲ.

2007ರ ಫೆಬ್ರವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡ ಆ ಹುಲ್ಲಿನ ಮೇಲೆ ನಿಂತಿತು. ಬ್ರಿಟನ್ನಿನ ರಾಷ್ಟ್ರಗೀತೆ ಮೊಳಗಬೇಕು. ಕೂಗ್ತಾರಾ, ಶಿಳ್ಳೆ ಹೊಡೀತಾರಾ ಅಂತ ಎಲ್ಲರಿಗೂ ಆತಂಕ. 80,000 ಜನ ಗೌರವದಿಂದ ನಿಂತು ಕೇಳಿದರು. ಗೀತೆ ಮುಗಿದ ಮೇಲೆ ಆಟ ಶುರುವಾಯ್ತು, ಐರ್ಲೆಂಡ್ 43-13ರಿಂದ ಇಂಗ್ಲೆಂಡನ್ನ ಚಚ್ಚಿ ಹಾಕಿತು.

ಜಿದ್ದು ಇರಲಿ, ಜೋಕೂ ಇರಲಿ. ಒಂದು ಹಣೆಪಟ್ಟಿ ಬರೀ ತಮಾಷೆಯಾ, ಅಪಾಯಾನಾ ಅಂತ ತಿಳಿಯೋಕೆ ನನಗೆ ಈಗ ಒಂದೇ ಪ್ರಶ್ನೆ ಸಾಕು: ಅದನ್ನ ಹೇಳ್ತಿರೋರ ಕೈಯಲ್ಲಿ ಏನಿದೆ? ಬಿಯರ್ ಗ್ಲಾಸ್ ಇದ್ರೆ ತಿರುಗಿಸಿ ಇನ್ನೊಂದು ಜೋಕು ಹೇಳಿ. ಖಜಾನೆಯ ಕೀಲಿಯೋ, ಶಾಲೆಯ ವರದಿಯೋ, ಪೊಲೀಸ್ ಫೈಲೋ ಇದ್ರೆ ಮಾತ್ರ ನಗು ನಿಲ್ಲಿಸಿ ಸರಿಯಾಗಿ ಕೇಳಿಸಿಕೊಳ್ಳಿ.

ಅಂದ ಹಾಗೆ, ನಮ್ಮ ರೂಪಾಯಿಗಳ ಆ ಕಪ್ ಏನಾಯ್ತು ಗೊತ್ತಾ? 1988ರಲ್ಲಿ ಪಂದ್ಯ ಮುಗಿದ ರಾತ್ರಿ ಒಬ್ಬ ಇಂಗ್ಲಿಷ್ ಆಟಗಾರ, ಒಬ್ಬ ಸ್ಕಾಟಿಷ್ ಆಟಗಾರ ಇಬ್ಬರೂ ಸೇರಿ ಅದನ್ನ ಎಡಿನ್‌ಬರದ ಬೀದಿಯಲ್ಲಿ ಚೆಂಡಿನ ಹಾಗೆ ಒದ್ದಾಡಿ ಜಜ್ಜಿ ಹಾಕಿದರು. ಅವತ್ತೊಂದು ದಿನ ಎರಡೂ ದೇಶ ಒಂದೇ ತಂಡ.

ನಿಮ್ಮ ಅನಿಸಿಕೆ ಬರೆದು ಕಳಿಸಿ. ಬ್ರಿಟನ್, ಇಂಗ್ಲೆಂಡ್ ಎರಡೂ ಒಂದೇ ಅನ್ನೋ ಫ್ರೆಂಡ್ ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಿ.